ಪರಾಕ್ಲೇಟೋಸ್ ಮತ್ತು ಪ್ಲಾಸ್ಟಿಕ್ ಕುರ್ಚಿ

ನಮ್ಮಣ್ಣಗ ಗ್ರೀಕ್ ಬರ್ತೈತಿ. ಇದು ನಿಮಗ ಗೊತ್ತಿಲ್ಲ ಅಂದ್ರ ನೀವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಲ್ಲ ಅಂತಾತು. ಈ ನಾಕು ಊರಾಗ ಅದು ಗೊತ್ತಿಲ್ಲದ ಮನಶ್ಯಾ ಯಾವನಾದರೂ ಉಳದಿದ್ರ, ಒಂದೋ ಅಂವಗ ಕಿವಿ ಕೇಳೂದಿಲ್ಲ, ಇಲ್ಲಾ ನಮ್ಮಣ್ಣನ್ನ ದೂರದಿಂದ ಕಂಡು ಓಣಿ ಬದಲಿಸ್ಯಾನ. ಝಳಕಿ ಕ್ರಾಸಿನ್ಯಾಗ ಚಾ ಮಾರಾಂವಗೂ ಗೊತ್ತೈತಿ. ಬಸ್ಸಿಗೆ ಕಾಯೂ ಮುಂದ ಆ ಪಾಪದವಗ, ಚಾ ಅನ್ನೂ ಶಬ್ದ ಚೀನಾದ ಕಡಿಂದ ಬಂದದ್ದು, ಹಳೆ ಗ್ರೀಕಿನಾಗ ಚಾಕ್ಕ ಶಬ್ದನ ಇದ್ದಿಲ್ಲ ಅಂತ ಹೇಳ್ಕೋತ ನಿಂತು, ಕಡೀಕ ಒಂದು ಗುಟುಕು ಕುಡದು, 'ಯಾಕೋ ಇವತ್ತ ನಿನ್ನ ಚಾ ಆರೈತಲ್ಲಪಾ' ಅಂದಾಂವ ನಮ್ಮಣ್ಣ.

ನಮ್ಮದು ಕ್ರೈಸ್ತರ ಮನಿ. ಮುತ್ಯಾನ ಕಾಲಕ್ಕ ಗುಡಿ ಒಂದು ಬದಲಾತು, ಉಳದದ್ದು ಯಾವುದೂ ಬದಲಾಗಲಿಲ್ಲ. ಅದ ಜ್ವಾಳದ ರೊಟ್ಟಿ, ಅದ ಶೇಂಗಾ ಹಿಂಡಿ, ಅದ ಬೈಗಳ, ಮದುವ್ಯಾಗ ಅದ ಬೀಗರ ಜಗಳ. ಅಣ್ಣ ಹರೇದಾಗ ದೂರದ ಊರಿಗೆ ಹೋಗಿ ದೇವರ ಶಾಸ್ತ್ರ ಓದಿ, ಗ್ರೀಕ್ ಕಲ್ತು, ಸಭಾಪಾಲಕ ಆಗಿ ಬಂದ. ನಾನು ಇಂಡ್ಯಾಗ ಕನ್ನಡ ಸಾಲಿ ಅಕ್ಕೋರಾದೆ. ಇಬ್ಬರೂ ರಿಟೈರ್ ಆದಿವಿ. ನಾ ಸುಮ್ಮನಾದೆ, ಅಂವ ಆಗಲಿಲ್ಲ.

ರಿಟೈರ್ ಆದ ಮ್ಯಾಲ ಅಂವ ಒಂದು ಹೊಸ ಉದ್ಯೋಗ ಹಚ್ಚಿಕೊಂಡ. ಬೈಬಲಿನ ಗ್ರೀಕ್ ಮೂಲದಾಗಿಂದ ಒಂದು ಶಬ್ದ ಹೆಕ್ಕೂದು, ಅದನ್ನ ಹೊತಗೊಂಡು ನಾಕೂ ಊರು ತಿರಗೂದು. ರವಿವಾರ ಆರಾಧನೆ ಮುಗದ ಮ್ಯಾಲ, ಊಟಕ್ಕ ಮೊದಲ, ಅಣ್ಣನ ಉಪನ್ಯಾಸ. ಮಂದಿ ಹಸದಿರ್ತಾರ, ಹಿಂದಿನ ಬಾಗಲದಿಂದ ಅಡಗಿ ವಾಸನಿ ಬಡೀತಿರ್ತೈತಿ, ಕೂಸುಗಳು ಚೀರತಿರ್ತಾವ, ಆದರೂ ಯಾರೂ ಏಳೂದಿಲ್ಲ. ಎದ್ದು ಹೋದರ ಊಟ ತಪ್ಪತೈತಿ. ಇದನ್ನ ನಮ್ಮಣ್ಣ 'ನಮ್ಮ ಜನಕ್ಕ ದೇವರ ವಚನದ ಹಸಿವು ಭಾಳ ಐತಿ' ಅಂತ ತಿಳಕೊಂಡಾನ. ಹೊಟ್ಟಿ ಹಸಿವಿಗೂ ವಚನದ ಹಸಿವಿಗೂ ಫರಕು ತಿಳೀದಾಂವ ಗ್ರೀಕ್ ಕಲ್ತು ಏನು ಮಾಡ್ತಾನೋ ದೇವರಿಗೇ ಗೊತ್ತು.

ನೀ ಯಾಕ ಅಂವನ ಹಿಂದ ಹೋಗ್ತಿದ್ದಿ ಅಂತ ಕೇಳಬಹುದು. ಮೊದಲ ನಮ್ಮ ಅತ್ತಿಗಿ ಹೋಗ್ತಿದ್ದಳು. ಆಮ್ಯಾಲ ಆಕಿಗೆ ಮೊಣಕಾಲ ಬ್ಯಾನಿ ಸುರು ಆತು. ಸೋಮವಾರ ಸಂತಿಗೆ ನಡಕೊಂಡು ಹೋಗ್ತಾಳ, ಶನಿವಾರ ಅಟ್ಟ ಹತ್ತಿ ಡಬ್ಬಿ ಇಳಸ್ತಾಳ, ರವಿವಾರ ಅಷ್ಟ ಮೊಣಕಾಲ ಏಳೂದಿಲ್ಲ. ಶಾಣ್ಯಾಕಿ. ಅಣ್ಣಗ ಬಿಪಿ ಗುಳಿಗಿ ನೆನಪ ಮಾಡಾಕ, ಹೊಚ್ಚಿದ ಶಾಲು ಮಡಿಚಿ ಚೀಲದಾಗ ಹಾಕಾಕ ಒಬ್ಬರು ಬೇಕಲ್ಲ, ಆ ಕೆಲಸ ನನ್ನ ಕೊಳ್ಳಿಗೆ ಬಿತ್ತು.

ಹೋದ ವರ್ಷ ಅಂವ ಹಿಡದ ಶಬ್ದ ಪರಾಕ್ಲೇಟೋಸ್.

ವೇದಿಕೆ ಹತ್ತಿದ ಕೂಡ್ಲೆ ಅಂವನ ಮಾತು ಬ್ಯಾರೆ ಆಗತೈತಿ. ಮನ್ಯಾಗ 'ಏ ರೊಟ್ಟಿ ಹಾಕ್ರ್ಯೋ' ಅಂತ ಒದರಾಂವ ಅಲ್ಲಿ, 'ಪ್ರಿಯರೇ, ಪರಾ ಎಂದರೆ ಪಕ್ಕದಲ್ಲಿ. ಕ್ಲೇಟೋಸ್ ಎಂದರೆ ಕರೆಯಲ್ಪಟ್ಟವನು. ಪಕ್ಕಕ್ಕೆ ಬಾ ಎಂದು ಕರೆಯಲ್ಪಟ್ಟವನೇ ಪರಾಕ್ಲೇಟೋಸ್' ಅಂತಾನ. ಅಂದು, ಕನ್ನಡಕ ತಗದು, ಮಂದೀನ ನೋಡಿ, ಮತ್ತ ಹಾಕೋತಾನ. ಇಷ್ಟು ಹೇಳಾಕ ಬ್ಯಾರೇದವರಿಗೆ ಒಂದು ಉಸುರು ಸಾಕು. ಅಂವಗ ಒಂದು ತಾಸು ಬೇಕು.

ಆದರ ಹೇಳಿದ್ದು ಖರೇ ಇರ್ತಿತ್ತು, ಅದನ್ನ ನಾ ಇಲ್ಲ ಅನ್ನೂದಿಲ್ಲ. ಈ ಶಬ್ದ ಹೊಸ ಒಡಂಬಡಿಕ್ಯಾಗ ಒಬ್ಬ ಶಿಷ್ಯನ ಹೆಸರಿಲೆ ನಡದು ಬಂದ ಬರವಣಿಗ್ಯಾಗ ಅಷ್ಟ ಬರ್ತೈತಿ, ಉಳದವರು ಯಾರೂ ಬಳಸಿಲ್ಲ. ಕಡೀ ರಾತ್ರಿ ಊಟದಾಗ ಯೇಸು ತನ್ನ ಶಿಷ್ಯರಿಗೆ, ನಾ ಹೋದರ ನೀವು ದಿಕ್ಕಿಲ್ಲದವರು ಆಗೂದಿಲ್ಲ, ಇನ್ನೊಬ್ಬ ಪರಾಕ್ಲೇಟೋಸ್ ಬರ್ತಾನ ಅಂತ ಹೇಳ್ತಾನ. ಅದು ಪವಿತ್ರಾತ್ಮ. ಮುಂದ ಒಂದು ಪತ್ರದಾಗ, ತಪ್ಪು ಮಾಡಿದವರಿಗೆ ತಂದಿಯಾದ ದೇವರ ಮುಂದ ಯೇಸುನೇ ಪರಾಕ್ಲೇಟೋಸ್ ಅಂತ ಬರ್ತೈತಿ. ಇದನ್ನ ಕನ್ನಡಕ್ಕ ತರಾಕ ಒಬ್ಬೊಬ್ಬರು ಒಂದೊಂದು ಹೇಳ್ಯಾರ. ಸಂತೈಸುವಾತ ಅಂದವರದಾರ, ಸಹಾಯಕ ಅಂದವರದಾರ, ವಕೀಲ ಅಂದವರೂ ಅದಾರ. ನಮ್ಮಣ್ಣಗ ಯಾವುದೂ ಮನಸಿಗೆ ಬರೂದಿಲ್ಲ. ಸಂತೈಸುವಾತ ಅಂದ್ರ ಸತ್ತ ಮನಿಗೆ ಬಂದು, ಬೆನ್ನು ಸವರಿ, ಚಾ ಕುಡದು ಹೋಗಾಂವ ಅಂದಂಗಾತು. ಸಹಾಯಕ ಅಂದ್ರ ತಹಶೀಲ್ದಾರ ಆಫೀಸಿನ್ಯಾಗ ಟೇಬಲ್ ಹಿಂದ ಕೂಡಾಂವ. ವಕೀಲ ಅಂದ್ರ ಫೀ ಕೊಡೂತನಾ ನಮ್ಮಾಂವ, ಆಮ್ಯಾಲ ಯಾವ ಊರಾಂವೋ.

ಹಳೆ ಗ್ರೀಕರ ಊರಾಗ ಹಂಗ ಇದ್ದಿಲ್ಲಂತ. ಒಬ್ಬನ ಮ್ಯಾಲ ತಕರಾರು ಬಂದು, ಊರ ಮುಂದ ನಿಲ್ಲೂ ಹೊತ್ತು ಬಂದರ, ಅಂವ ತನ್ನ ಗೆಳ್ಯಾನ್ನೋ ತನ್ನ ಮನೀತನದವನ್ನೋ ಕರೀತಿದ್ದ. ಅಂವ ಬಂದು ಬಾಜೂಕ ನಿಲ್ಲತಿದ್ದ. ದೊಡ್ಡ ಮಾತುಗಾರ ಇರಬೇಕಂತಿಲ್ಲ, ಕಾಯ್ದೆ ತಿಳದಿರಬೇಕಂತಿಲ್ಲ. ಅಂವ ಅಲ್ಲಿ ನಿಂತಾನ ಅಂದ್ರ, ಇಂವ ಬಿಟ್ಟಿ ಬಿದ್ದಾಂವಲ್ಲ, ಇಂವಗ ಹಿಂದ ಮುಂದ ಮಂದಿ ಅದಾರ ಅಂತ ಎದುರಿನವರಿಗೆ ತಿಳೀತಿತ್ತು. ನನ್ನ ಸಿಟ್ಟಿಗೆ ಕಾರಣ ಇದ. ಅಣ್ಣ ಸುಳ್ಳು ಹೇಳಿದ್ರ ನಾ ಕಿವ್ಯಾಗ ಅರಳಿ ಇಟ್ಟುಕೊಂಡು ಕೂಡ್ತಿದ್ದೆ. ಅಷ್ಟು ಚೆಂದ, ಅಷ್ಟು ಖರೇ ಹೇಳಿದ್ನಲ್ಲ, ಅದು ಉರೀತೈತಿ.

ಸಿಂದಗ್ಯಾಗ ಮೊದಲನೇ ಸಲ ಕೇಳಿದ ದಿನ, ಊಟಕ್ಕ ಕುಂತಾಗ ನಾ ಅಂದೆ, 'ಅಣ್ಣಾ, ಇದಕ್ಕ ಇಷ್ಟ್ಯಾಕ ಒದ್ದಾಡ್ತಿ? ನಮ್ಮಲ್ಲಿ ಅಂಥಾಂವ ಅದಾನಲ್ಲ. ಸ್ವಾದರಮಾವ.'

ಅಂವ ಅನ್ನಕ್ಕ ಸಾರು ಹಾಕಿಸಿಕೊಳ್ಳಾಕತ್ತಿದ್ದ. 'ತಂಗಿ, ಇದು ಗಹನ ವಿಷಯ. ನಿಮ್ಮ ಸಾಲಿ ಹುಡುಗೂರಿಗೆ ಹೇಳಿದಂಗ ಅಲ್ಲ' ಅಂದ. ಅಂದು ಇನ್ನೊಂದು ಸವಟು ಸಾರು ಹಾಕಿಸಿಕೊಂಡ.

ನಾ ಸುಮ್ಮನ ಹೇಳಿರಲಿಲ್ಲ. ನಮ್ಮ ಕಡೆ ಹುಡಿಗಿ ತವರುಮನಿ ಅಂದ್ರ ಅಪ್ಪ ಅವ್ವ ಅಷ್ಟ ಅಲ್ಲ. ಅವ್ವನ ಅಣ್ಣ ತಮ್ಮ, ಅಂದ್ರ ಸ್ವಾದರಮಾವ, ಅಂವಂದೊಂದು ಜಾಗಾ ಇರ್ತೈತಿ. ನಾವು ಕ್ರೈಸ್ತರು ಚರ್ಚಿನ್ಯಾಗ ಮದುವಿ ಮುಗಿಸಿ ಬಂದರೂ ಮನಿ ಮುಂದಿನ ಹಂದರದಾಗ ಸ್ವಾದರಮಾವ ಮದುಮಗಳ ಹಿಂದ ಬಂದು ನಿಲ್ಲಬೇಕು. ಅಂವ ನಿಲ್ಲೂತನಾ ಹಿರ್ಯಾರು ಮುಂದಿನ ಕೆಲಸಕ್ಕ ಹೂಂ ಅನ್ನೂದಿಲ್ಲ. ಮುಂದ ಗಂಡನ ಮನ್ಯಾಗ ಏನರ ಕಡಿಮಿ ಹೆಚ್ಚು ಆತಂದ್ರ ಹಿರ್ಯಾರನ್ನ ಕೂಡಸ್ತಾರ. ಹಿರ್ಯಾರನ್ನ ಕೂಡಸೂದಂದ್ರ, ಜಮಖಾನಿ ಹಾಸಿ, ಆ ಕಡೆ ಗಂಡಿನವರು, ಈ ಕಡೆ ಹೆಣ್ಣಿನವರು, ನಡುವ ಎರಡೂ ಕಡೆಗೆ ಸಂಬಂಧ ಇಲ್ಲದ ಒಬ್ಬ ಹಿರಿಯ. ಆವಾಗೂ ಹುಡಿಗಿ ಬಾಜೂಕ ಕೂಡಬೇಕಾದಾಂವ ಸ್ವಾದರಮಾವನ. ನಡುವ ಕುಂತಾಂವ ಯಾರ ಕಡೆಗೂ ಮಾತಾಡಬಾರದು, ಬಾಜೂಕ ಕುಂತಾಂವ ತನ್ನ ಕಡೆ ಬಿಟ್ಟು ಕೊಡಬಾರದು. ಇದು ಓದು ಬರಹ ಇಲ್ಲದವರಿಗೂ ಗೊತ್ತಿರೂ ಪದ್ಧತಿ.

ನನ್ನ ತಂಗಿಗೆ ಒಬ್ಬಾಕಿ ಮಗಳು. ತಂಗೀನೂ ಇಲ್ಲ, ಆಕಿ ಗಂಡನೂ ಇಲ್ಲ. ಹುಡಿಗಿ ನಿಡಗುಂದ್ಯಾಗ ನರ್ಸ್ ಆಗಿದ್ದಳು. ಆಕೀನ ಸಿಂದಗಿ ಮನೀಗೆ ಕೊಟ್ಟಿದ್ದಿವಿ. ಗಂಡನ ಅಪ್ಪಗ ಗೊಬ್ಬರದ ಅಂಗಡಿ, ಗಂಡ ಆ ಅಂಗಡ್ಯಾಗ ಕೂಡ್ತಿದ್ದ. ಮದುವಿ ಫೋಟೋದಾಗ ನಮ್ಮಣ್ಣ ಹುಡಿಗಿ ಹಿಂದ ನಿಂತಾನ. ಎಲ್ಲಾರೂ ಹುಡಿಗೀನ ನೋಡಾಕತ್ತಾರ, ಅಂವ ಒಬ್ಬಾಂವ ಕ್ಯಾಮೆರಾ ನೋಡಾಕತ್ತಾನ.

ಮದುವಿ ಆದ ಮ್ಯಾಲ ನೌಕರಿ ಬಿಡಿಸಿದ್ರು. ಆಮ್ಯಾಲ ಫೋನು ಕಸಗೊಂಡ್ರು. ಆಮ್ಯಾಲ ಗಂಡ ಕೈ ಮಾಡಾಕ ಸುರು ಮಾಡಿದ. ಒಂದಿನ ಮುಂಜಾನೆ ನಾ ಅಂಗಳ ಕಸ ಹೊಡಿಯಾಕತ್ತಿದ್ದೆ, ಹುಡಿಗಿ ಆಟೋದಿಂದ ಇಳದಳು. ಬಲಗೈ ಮಣಿಕಟ್ಟು ಬಾತು, ಸೆರಗಿನ್ಯಾಗ ಸುತ್ತಿಕೊಂಡಿದ್ದಳು. ಕೂಡಸಿ ನೀರು ಕೊಟ್ಟೆ. ಎಡಗೈಲೆ ತಂಬಗಿ ಹಿಡಕೊಂಡು ಕುಡದಳು. 'ದೊಡವ್ವ, ನಾ ಹೊಳ್ಳಿ ಹೋಗೂದಿಲ್ಲ' ಅಂದಳು. ಅಳಲಿಲ್ಲ. ನನಗ ಅಳು ಬಂತು, ಕಸಬರಿಗಿ ಅಲ್ಲೆ ಒಗದೆ.

ದವಾಖಾನಿಗೆ ಹೋದಿವಿ, ಎಲುಬು ಸೀಳು ಬಿಟ್ಟೈತಿ ಅಂತ ಪ್ಲಾಸ್ಟರ್ ಹಾಕಿದ್ರು. ಸಿಂದಗಿಯವರು ಫೋನು ಮಾಡಿ, ಆಕಿ ಬಟ್ಟಿ ಒಗಿಯೂ ಕಲ್ಲಿನ ಮ್ಯಾಲ ಜಾರಿ ಬಿದ್ದಾಳ, ಅತ್ತಿ ಒಂದು ಮಾತಂದದ್ದಕ್ಕ ಮುನಿಸಿಕೊಂಡು ಓಡಿ ಹೋಗ್ಯಾಳ ಅಂದ್ರು. ನಾ ಪೊಲೀಸ್ ಠಾಣೆಗೆ ಹೋಗೂನು ಅಂದೆ. ಹುಡಿಗಿ ಒಪ್ಪಲಿಲ್ಲ. 'ಮೊದಲ ಹಿರ್ಯಾರ ಮುಂದ ಒಮ್ಮೆ ಹೇಳ್ತೇನಿ. ಬಾಯಿ ಬಿಟ್ಟು ಹೇಳಿ, ಎದ್ದು ಬರ್ತೇನಿ. ಕದ್ದು ಓಡಿ ಹ್ವಾದಾಕಿ ಅಂತ ಯಾರೂ ಅನ್ನಬಾರದು' ಅಂದಳು. ಆಕಿ ಬೇಡಿದ್ದು ಇದೊಂದ. ರೊಕ್ಕ ಬೇಡಲಿಲ್ಲ, ಬಂಗಾರ ಬೇಡಲಿಲ್ಲ. ಹೊಳ್ಳಿ ಕಳಸಬ್ಯಾಡ್ರಿ ಅಂದಳು, ಅಷ್ಟ.

ಅದ ದಿನ ನನ್ನ ಫೋನಿನಿಂದ ಅಣ್ಣಗ ಹಚ್ಚಿದಳು. ನಾ ಬಾಜೂಕ ಇದ್ದೆ, ಎಲ್ಲಾ ಕೇಳಸ್ತಿತ್ತು. 'ಮಾವಾ, ನೀ ಬಾ. ನನ್ನ ಬಾಜೂಕ ಕೂಡು. ಏನೂ ಮಾತಾಡಬ್ಯಾಡ, ಮಾತಾಡೂದು ನಾ ಮಾತಾಡ್ತೇನಿ. ನೀ ಬರೇ ಕೂಡು.'

'ಬರ್ತೇನಿ ಮಗಳ, ಬರದ ಇರ್ತೇನೇನು? ನಾ ಇರೂ ತನಕ ನಿನಗ ಯಾಕ ಚಿಂತಿ?' ಅಂದ. ಆ ಮ್ಯಾಲ ಫೋನು ನನಗ ಕೊಡಂದು, 'ತಂಗಿ, ಹಿರ್ಯಾರನ್ನ ಮುದ್ದೇಬಿಹಾಳದಾಗ ಕೂಡಸೂನು, ಅಲ್ಲಿ ರವಿವಾರ ನನ್ನ ಉಪನ್ಯಾಸಾನೂ ಐತಿ. ಒಂದ ಖರ್ಚಿನ್ಯಾಗ ಎರಡು ಕೆಲಸ' ಅಂದ. ಅವತ್ತ ನಾ ತಿಳಕೋಬೇಕಿತ್ತು.

ಮುದ್ದೇಬಿಹಾಳದಾಗ ಎರಡೂ ಕಡೆಗೆ ಬರೇ ಗುರುತಿದ್ದ ಒಬ್ಬನ ಮನ್ಯಾಗ ಕೂಡೂದಂತ ಆತು. ಆ ಮನಿಯಾತನ ನಡುವಿನ ಹಿರಿಯ ಆಗೂದಂತ ಮಾತಾಗಿತ್ತು. ಅಣ್ಣ ಮುಂಜಾನೆ ಚರ್ಚಿನ್ಯಾಗ ಪರಾಕ್ಲೇಟೋಸ್ ಹೇಳಿ, ಶಾಲು ಹೊಚ್ಚಿಸಿಕೊಂಡು, ಹಂಗ ಶಾಲಿನ ಮ್ಯಾಲೇ ಬಂದ. ಹುಡಿಗಿ ಜಮಖಾನಿ ಮ್ಯಾಲ ನಮ್ಮ ಕಡೆ ಕುಂತಿದ್ದಳು, ಪ್ಲಾಸ್ಟರ್ ಕೈ ತೊಡಿ ಮ್ಯಾಲ ಇಟ್ಟುಕೊಂಡು. ಬಾಜೂಕ ಅಂವಗ ಜಾಗಾ ಬಿಟ್ಟಿದ್ದಳು. ನಾ ಅಡಗಿ ಮನಿ ಬಾಗಲದಾಗ ಹೆಂಗಸರ ಕೂಡ ಕುಂತಿದ್ದೆ. ಹೆಂಗಸರು ಅಲ್ಲೆ ಕೂಡಬೇಕಂತ. ಜ್ವಾಳ ಹಸನ ಮಾಡಿದ್ದು ನಾವು, ರೊಟ್ಟಿ ಬಡದದ್ದು ನಾವು, ಹೊಡತ ತಿಂದದ್ದು ನಮ್ಮಾಕಿ. ಮಾತಾಡೂದು ಮಾತ್ರ ಮೀಸಿ ಇದ್ದವರು.

ಅಣ್ಣ ಒಳಗ ಬಂದು ಹುಡಿಗಿ ಕಡೆ ನಾಕು ಹೆಜ್ಜಿ ಇಟ್ಟಿದ್ದ. ಆ ಬೀಗ, ಗೊಬ್ಬರದ ಅಂಗಡಿಯಾತ, ಗಡಬಡಿಸಿ ಎದ್ದು ನಿಂತ. ಜೀವನಾ ಪೂರ್ತಿ ಗಿರಾಕಿ ಮಾರಿ ನೋಡಿ ಮಾಲು ಕೊಟ್ಟಾಂವ. ಯಾರಿಗೆ ಏನು ಬೇಕಂತ ಅಂವಗ ಹೇಳಬೇಕಾಗಿಲ್ಲ.

'ಅಯ್ಯಯ್ಯ, ಗುರುಗಳು ಕೆಳಗ ಕೂಡೂದಂದ್ರ ಏನ್ರಿ? ಎಲ್ಲೆರ ಉಂಟೇನ್ರಿ? ಏ, ಕುರ್ಚಿ ತರ್ರಿ! ನಡುವ ಹಾಕ್ರಿ! ಗ್ರೀಕ್ ಓದಿದವರು ಬಂದ ಮ್ಯಾಲ ಬ್ಯಾರೆ ಹಿರಿಯ ಯಾಕ ಬೇಕ್ರಿ? ನಿಮ್ಮ ಕಡೆಗೂ ನೀವ ಹಿರ್ಯಾರು, ನಮ್ಮ ಕಡೆಗೂ ನೀವ ಹಿರ್ಯಾರು. ನೀವು ಹೇಳಿದ್ದ ನಮಗ ದೇವರ ಮಾತು.'

ಮನಿಯಾತ, ನಡುವಿನ ಹಿರಿಯ ಆಗಬೇಕಾದಾಂವ, ಬಡ್ಡಿ ತಪ್ಪಿತು ಅಂದಂಗ ಖುಷಿಲೆ ಸರಿದ. ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂತು. ನಮ್ಮಣ್ಣ, 'ಬ್ಯಾಡ್ರಿ, ಬ್ಯಾಡ್ರಿ' ಅಂದ. ನಮ್ಮ ಕಡೆ ಯಾರೂ ಮೊದಲ ಸಲ ಹೂಂ ಅನ್ನೂದಿಲ್ಲ. 'ಛೇ ಛೇ, ನಾ ಇಲ್ಲೆ ಕೂಡ್ತೇನ್ರಿ' ಅಂದ. ಎರಡನೇ ಸಲಾನೂ ಅನ್ನೂದಿಲ್ಲ. ಮೂರನೇ ಸಲ ಬೀಗ ಕೈ ಹಿಡದು ಎಳದ ಕೂಡ್ಲೆ ಅಂವ ಧೋತರ ಎತ್ತಿಕೊಂಡು, ಕುರ್ಚಿ ಧೂಳ ಝಾಡಿಸಿ, ಕುಂತ. ಕುಂತು ಶಾಲು ಸರಿ ಮಾಡಿಕೊಂಡ.

ಹುಡಿಗಿ ಬಾಜೂಕಿನ ಜಾಗಾ ಹಂಗ ಖಾಲಿ ಉಳೀತು. ಆಕಿ ಒಮ್ಮೆ ಆ ಜಾಗಾ ನೋಡಿದಳು, ಒಮ್ಮೆ ಕುರ್ಚಿ ನೋಡಿದಳು. ನಾ ಬಾಗಲದಾಗ ಕುಂತು ಹಲ್ಲು ಕಡದೆ. ಇಷ್ಟು ಸಣ್ಣ ಆಟ ಅಂವಗ ತಿಳೀಲಿಲ್ಲ ಅಂತ ಅಲ್ಲ. ತಿಳಿಯೂ ಮೊದಲ ಕುಂಡಿ ಕುರ್ಚಿ ಮುಟ್ಟಿತ್ತು.

ಆಕಿ ಹೇಳಬೇಕಾದ್ದು ಹೇಳಿದಳು. ಮೆಲ್ಲಕ ಹೇಳಿದಳು, ಆದರ ಒಂದೂ ಬಿಡದಂಗ ಹೇಳಿದಳು. ಗಂಡ ಅನ್ನಾಂವ ನೆಲ ನೋಡ್ಕೋತ ಕುಂತಿದ್ದ. ಬೀಗ ಬಟ್ಟಿ ಒಗಿಯೂ ಕಲ್ಲಿನ ಕತಿ ಹೇಳಿದ. ಅಂವನ ಕಡಿಂದ ಬಂದವರು ಏಳೆಂಟು ಮಂದಿ, ಒಬ್ಬೊಬ್ಬರೂ ಅದನ್ನ ಕಣ್ಣಾರೆ ಕಂಡವರಂಗ ಹೂಂ ಹೂಂ ಅಂದ್ರು. ಆ ಮ್ಯಾಲ ಎಲ್ಲಾರೂ ಕುರ್ಚಿ ಕಡೆ ತಿರುಗಿದ್ರು.

ನಮ್ಮಣ್ಣ ಕನ್ನಡಕ ತಗದ, ಹಾಕಿಕೊಂಡ. 'ನೋಡ್ರಿ, ನಾ ನಡುವ ಕುಂತಾಂವ. ನನಗ ಎರಡೂ ಕಣ್ಣು ಒಂದ. ತಾಳಿದಾಂವ ಬಾಳ್ತಾನ ಅಂತಾರ. ಹುಡಿಗಿ ಸ್ವಲ್ಪ ತಾಳಬೇಕು, ಹುಡುಗ ಸ್ವಲ್ಪ ಸಿಟ್ಟು ಬಿಡಬೇಕು. ಎರಡೂ ಕೈ ಸೇರಿದ್ರ ಅಷ್ಟ ಚಪ್ಪಾಳಿ ಆಗೂದು. ಒಂದಾರು ತಿಂಗಳು ಹೋಗಿ ಇರಲಿ, ಮುಂದ ಕೂತು ವಿಚಾರ ಮಾಡೂನು.'

ಎರಡೂ ಕೈ! ಒಂದು ಕೈ ಪ್ಲಾಸ್ಟರಿನ್ಯಾಗ ಐತಿ, ಎದುರಿಗೇ ಐತಿ, ಬೆಳ್ಳಗ ಹೊಳಿಯಾಕತ್ತೈತಿ. ಅಂಥಾ ಕೈ ನೋಡಿ ಚಪ್ಪಾಳಿ ಗಾದಿಮಾತು ಹೇಳಾಕ ಎಂಥಾ ಬಾಯಿ ಬೇಕ್ರಿ? ಬೀಗನ ಕಡಿಯವರು, 'ನ್ಯಾಯ ಅಂದ್ರ ಇದ ನೋಡ್ರಿ' ಅಂದ್ರು. ಯಾರೋ ಒಳಗ ಚಾ ಹೇಳಿದ್ರು.

ನಾ ಎದ್ದೆ. ನನ್ನ ಬಾಜೂಕಿನಾಕಿ ಸೆರಗ ಹಿಡದು ಜಗ್ಗಿದಳು, 'ಅಕ್ಕೋರ, ಕುಂದರ್ರಿ, ಗಂಡಸರು ಕುಂತಾರ' ಅಂದಳು. ಕುಂತಿದ್ದಕ್ಕ ಇಷ್ಟಾತು ಅಂದೆ. ಜಮಖಾನಿ ತುಳಕೊಂಡು ಹೋಗಿ, ಹುಡಿಗಿ ಬಾಜೂಕಿನ ಖಾಲಿ ಜಾಗಾದಾಗ ಕುಂತೆ. ಹುಡಿಗಿ ನನ್ನ ಕಡೆ ತಿರುಗಲಿಲ್ಲ, ಮೊಣಕೈ ಮಾತ್ರ ನನಗ ಹಚ್ಚಿ ಕುಂತಳು.

'ಏನವಾ ಅಕ್ಕೋರ, ಇದು ಹೆಂಗಸರ ಜಾಗಾ ಅಲ್ಲ' ಅಂದ ಬೀಗ.

'ನೀ ತಡಿಯೋ ಗೊಬ್ಬರದಣ್ಣ' ಅಂದೆ. 'ನನ್ನದು ನಿನ್ನ ಕೂಡ ಮಾತಿಲ್ಲ. ಅಣ್ಣಾ, ಮುಂಜಾನೆ ಚರ್ಚಿನ್ಯಾಗ ಒಂದು ಶಬ್ದ ಹೇಳಿದಿಯಲ್ಲ, ಅದರ ಅರ್ಥ ಇವರಿಗೂ ಒಂದಿಷ್ಟು ಹೇಳು. ಇವರ್ಯಾರೂ ಬಂದಿದ್ದಿಲ್ಲ.'

ನಾ ತಿಳಕೊಂಡಿದ್ದೆ, ಅಂವಗ ತಟ್ಟನ ನಾಚಿಕಿ ಬರ್ತೈತಿ, ಕುರ್ಚಿ ಬಿಟ್ಟು ಇಳೀತಾನ ಅಂತ. ಅರವತ್ತು ವರ್ಷ ಅಂವನ ಜೋಡಿ ಕಳದೂ ನನಗ ಅಷ್ಟೂ ಬುದ್ಧಿ ಬಂದಿಲ್ಲ ನೋಡ್ರಿ. ಅಂವನ ಮಾರಿ ಅರಳಿತು! ಖರೇ ಹೇಳ್ತೇನಿ, ಅರಳಿತು. ಕುರ್ಚ್ಯಾಗ ಮುಂದ ಸರಿದು, ದನಿ ಏರಿಸಿ, ಅದ ವೇದಿಕೆ ಕನ್ನಡದಾಗ, 'ಒಳ್ಳೆಯ ಪ್ರಶ್ನೆ. ಪ್ರಿಯರೇ, ಪರಾ ಎಂದರೆ ಪಕ್ಕದಲ್ಲಿ' ಅಂತ ಸುರು ಮಾಡೇಬಿಟ್ಟ. ಗ್ರೀಕರ ಊರು, ತಕರಾರು, ಕರದಾಗ ಬಂದು ನಿಲ್ಲೂ ಗೆಳ್ಯಾ, ಎಲ್ಲಾ ಹೇಳಿದ. ಬೀಗನ ಕಡಿಯವರು ಬಾಯಿ ತಕ್ಕೊಂಡು ಕೇಳಿದ್ರು. ಚಾ ಬಂದು ಆರಿತು. 'ಆತ ಎದುರಿಗೆ ನಿಲ್ಲುವವನಲ್ಲ, ನಡುವೆ ಕೂಡುವವನೂ ಅಲ್ಲ. ಪಕ್ಕದಲ್ಲಿರುವವನು. ಕರೆದಾಗ ಬರುವವನು' ಅಂತ ಹೇಳಿ, ಎಲ್ಲಾರ ಮಾರಿ ನೋಡಿ, ಮುಗಿಸಿದ. ಒಬ್ಬಿಬ್ಬರು ತಲಿ ತೂಗಿದ್ರು.

ಆವಾಗ ಹುಡಿಗಿ ತಲಿ ಎತ್ತಿದಳು.

'ಮಾವಾ, ನಾ ಕರದಿದ್ದೆ' ಅಂದಳು.

ಅಡಗಿ ಮನ್ಯಾಗ ಒಬ್ಬಾಕಿ ಲೊಚಗುಟ್ಟಿದ್ದು ಕೇಳಸ್ತು. ಅಣ್ಣ ಶಾಲಿನ ತುದಿ ಹಿಡಕೊಂಡ. ಇಳಿಯಾಕ ಆವಾಗೂ ಹೊತ್ತಿತ್ತು. ಕುರ್ಚಿಗೂ ಜಮಖಾನಿಗೂ ಎಷ್ಟು ಅಂತರ ಇತ್ತು? ಒಂದು ಕಾಲು ಕೆಳಗ ಇಟ್ಟಿದ್ರ ಸಾಕಿತ್ತು. ಅಂವ ಬೀಗನ ಮಾರಿ ನೋಡಿದ, ತನ್ನ ಧೋತರ ನೋಡಿಕೊಂಡ, ಆ ಮ್ಯಾಲ, 'ಕುಂತ ಕುರ್ಚಿಗೆ ಒಂದು ಮರ್ಯಾದಿ ಅಂತ ಇರ್ತೈತವಾ. ಅರ್ಧಕ್ಕ ಎದ್ದು ಬರಾಕ ಆಗೂದಿಲ್ಲ' ಅಂದ.

'ಆತು, ನೀ ಕುರ್ಚಿ ಕಾಯಿ. ನಾವು ಹೋಗ್ತೇವಿ' ಅಂದು ನಾ ಹುಡಿಗಿ ರಟ್ಟಿ ಹಿಡದು ಎಬ್ಬಿಸಿದೆ. ಬೀಗ, 'ಹಿರ್ಯಾರ ಮಾತು ಮೀರಿ ಹೋದರ ಮುಂದ ನೆಟ್ಟಗಾಗೂದಿಲ್ಲ' ಅಂದ. 'ಹಿರ್ಯಾರು ಯಾರದಾರೋ ಇಲ್ಲೆ? ಮುಂದಿನ ಮಾತು ಠಾಣ್ಯಾಗ ಆಗಲಿ, ಅಲ್ಲಿ ನಿನ್ನ ಕಲ್ಲಿನ ಕತಿ ಹೇಳು' ಅಂದೆ. ಗಂಡ ಅನ್ನಾಂವ ಆವಾಗ ಮೊದಲನೇ ಸಲ ತಲಿ ಎತ್ತಿ ನೋಡಿದ. ನಾವು ಚಪ್ಪಲಿ ಮೆಟ್ಟಿಕೊಂಡು ಬಂದಿವಿ. ಆಕಿಗೆ ಒಂದ ಕೈ ಇತ್ತಲ್ಲ, ಚಪ್ಪಲಿ ಪಟ್ಟಿ ನಾ ಹಚ್ಚಿದೆ.

ನಮ್ಮ ಬಸ್ಸು ಸಿಂದಗಿ ಮ್ಯಾಲೇ ಹಾದು ಹೋಗ್ತಿತ್ತು. ಸಿಂದಗಿ ಸ್ಟ್ಯಾಂಡಿನ್ಯಾಗ ನಿಂತಾಗ ನಾ ಆಕಿ ಮಾರಿ ನೋಡ್ಕೋತ ಕುಂತೆ, ಈಕಿ ಏನರ ಮನಸ ಬದಲಿಸ್ತಾಳೇನು ಅಂತ. ಹುಡಿಗಿ ಕಿಟಕ್ಯಾಗಿಂದ ಎಡಗೈ ಹಾಕಿ ಮಿರ್ಚಿ ಭಜಿ ತಗೊಂಡಳು. 'ದೊಡವ್ವ, ತಿನ್ನು, ಮುಂಜಾನಿಂದ ಏನೂ ತಿಂದಿಲ್ಲ ನೀ' ಅಂದಳು. ಭಜಿ ಖಾರ ಇದ್ದುವು, ಇಬ್ಬರಿಗೂ ಕಣ್ಣಾಗ ನೀರು ಬಂತು. ಬಸ್ಸು ಬಿಡತು.

ಮುಂದ ಠಾಣೆ, ವಕೀಲ, ಕೋರ್ಟು ಅಂತ ನಡದೈತಿ. ಅದು ಬೇಗ ಮುಗಿಯೂ ಕೆಲಸ ಅಲ್ಲ. ವಕೀಲ ಫೀ ತಗೋತಾನ, ಆದರ ನಮ್ಮ ಬಾಜೂಕೇ ನಿಲ್ತಾನ, ಅಷ್ಟರ ಮಟ್ಟಿಗೆ ಮನಶ್ಯಾ. ಹುಡಿಗಿ ಕೈ ಕೂಡಿದ ಮ್ಯಾಲ ನಿಡಗುಂದಿಗೆ ಹೋಗಿ ಹಳೆ ದವಾಖಾನ್ಯಾಗ ಮತ್ತ ಕೆಲಸಕ್ಕ ನಿಂತಳು. ಅಣ್ಣ ಒಂದೆರಡು ಸಲ ನನಗ ಫೋನು ಮಾಡಿ, 'ತಂಗಿ, ಅವತ್ತ ನೀ ಸಭಾದಾಗ ನನ್ನ ಮರ್ಯಾದಿ ತಗದಿ' ಅಂದ. ಆಕಿ ಕೈ ಹೆಂಗೈತಿ ಅಂತ ಕೇಳಲಿಲ್ಲ.

ಮೊನ್ನೆ ಬಸವನ ಬಾಗೇವಾಡ್ಯಾಗ ಅಂವನ ಪರಾಕ್ಲೇಟೋಸ್ ಉಪನ್ಯಾಸ ಇತ್ತು. ನಾಕು ಊರಾಗ ಅದೊಂದು ಬಾಕಿ ಉಳದಿತ್ತು. ನಾ ಹುಡಿಗೀನ ನೋಡಾಕ ನಿಡಗುಂದಿಗೆ ಹೋಗಿದ್ದೆ, ಆಕಿನೇ 'ನಡಿ ದೊಡವ್ವ, ಹೋಗಿ ಬರೂನು' ಅಂದಳು. ಯಾಕ ಅಂದೆ. ಕೇಳಬೇಕು ಅನಸೈತಿ ಅಂದಳು.

ಹಿಂದಿನ ಸಾಲಿನ್ಯಾಗ ಕುಂತಿವಿ. ಪರಾ ಆತು, ಕ್ಲೇಟೋಸ್ ಆತು, ಗ್ರೀಕರ ಊರು ಆತು. ಆ ಮ್ಯಾಲ ಅಣ್ಣ ಕನ್ನಡಕ ತಗದ. 'ಪ್ರಿಯರೇ, ಇದಕ್ಕೆ ನಮ್ಮ ನೆಲದಲ್ಲೇ ಒಂದು ಹೆಸರಿದೆ. ಸೋದರಮಾವ. ನನ್ನ ಸ್ವಂತ ಅನುಭವ ಹೇಳುತ್ತೇನೆ. ದಿಕ್ಕಿಲ್ಲದ ಒಬ್ಬ ಹೆಣ್ಣುಮಗಳು ತನ್ನ ಸೋದರಮಾವನನ್ನು ಕರೆದಳು. ಆತ ಎಲ್ಲ ಕೆಲಸ ಬಿಟ್ಟು ಓಡಿ ಬಂದ. ಇಡೀ ಸಭೆಯ ಎದುರು...' ಅಂದು ಗಂಟಲ ಕಟ್ಟಿದಂಗ ಮಾಡಿ ನಿಂತ. ಮುಂದಿನ ಸಾಲಿನ ಹೆಂಗಸರು ಸೆರಗಿಲೆ ಕಣ್ಣು ಒರಸಿಕೊಂಡ್ರು. ನನ್ನ ಮೈಯಾಗ ಬೆಂಕಿ ಬಿತ್ತು. ನನ್ನ ಮಾತನ್ನ ಗಹನ ಅಲ್ಲ ಅಂತ ಸಾರಿನ್ಯಾಗ ಮುಳಗಿಸಿದಾಂವ, ಈಗ ಅದನ್ನ ತನ್ನ ಕೊರಳಿಗೆ ಹಾಕ್ಕೊಂಡು ನಿಂತಾನ! ಎದ್ದು ಒದರಬೇಕಂತ ಬಾಯಿ ತಗದೆ. ಹುಡಿಗಿ ನನ್ನ ತೊಡಿ ಮ್ಯಾಲ ಕೈ ಇಟ್ಟಳು. ಮುರದಿದ್ದ ಕೈ. 'ಇರಲಿ ದೊಡವ್ವ, ಮಂದಿ ಹಸದಾರ' ಅಂದಳು.

ಶಾಲು ಹೊಚ್ಚಿಸಿದ್ರು. ಆ ಮ್ಯಾಲ ಕುರ್ಚಿ ಸರಿಸಿ ಗ್ವಾಡಿಗೆ ಹಚ್ಚಿ, ಜಮಖಾನಿ ಹಾಸಿ, ಪಂಗ್ತಿ ಹಾಕಿದ್ರು. ನಾವಿಬ್ಬರೂ ಕುಂತಿವಿ. ಹುಡಿಗಿ ಆ ಕಡೆ ಬಾಜೂಕ ಒಬ್ಬರು ಕೂಡೂ ಅಷ್ಟು ಜಾಗಾ ಇತ್ತು. ಅಣ್ಣ ತಾಟು ಹಿಡಕೊಂಡು, ಅವರಿವರ ಕೈ ಮುಗಿಸಿಕೋತ ಬಂದ. ನಮ್ಮನ್ನ ಕಂಡ. ಮೊದಲ ಮಾರಿ ಸಣ್ಣದಾತು, ಆಮ್ಯಾಲ ಸುತ್ತ ಮಂದಿ ನೋಡಾಕತ್ತಾರ ಅಂತ ತಿಳದು ದೊಡ್ಡದಾಗಿ ನಕ್ಕ. 'ಅರೇ, ಮಗಳ ಬಂದಾಳ! ಸರಿಯವಾ, ನಿನ್ನ ಬಾಜೂಕ ಕೂಡ್ತೇನಿ' ಅಂದ.

ಹುಡಿಗಿ ತನ್ನ ಕೈಚೀಲ ಎತ್ತಿ ಆ ಜಾಗಾದಾಗ ಇಟ್ಟಳು, ಬಸ್ಸಿನ್ಯಾಗ ಸೀಟು ಹಿಡಿಯೂರು ಇಟ್ಟಂಗ.

'ಇಲ್ಲೆ ಬರೋರು ಅದಾರ್ರಿ' ಅಂದಳು. ಹುಟ್ಟಿದಾಗಿಂದ ಅಂವಗ ಮಾವಾ, ನೀ ಅಂದಾಕಿ ಅವತ್ತ 'ರಿ' ಹಚ್ಚಿದಳು.

'ಯಾರು ಬರೋರು?' ಅಂದ ಅಣ್ಣ. ನಗು ಇನ್ನೂ ಮಾರಿ ಮ್ಯಾಲೇ ಇತ್ತು.

'ಇನ್ನೂ ಕರದಿಲ್ರಿ' ಅಂದು ಹುಡಿಗಿ ರೊಟ್ಟಿ ಮುರಕೊಂಡಳು.

ಅಂವ ತಾಟು ಹಿಡಕೊಂಡು ಅಲ್ಲೆ ನಿಂತ. ಸಾರು ತಾಟಿನ ಅಂಚಿಗೆ ಬಂದು, ಶಾಲಿನ ಮ್ಯಾಲ ಎರಡು ಹನಿ ಬಿತ್ತು. ಅಷ್ಟ್ರಾಗ ಯಾರೋ ಕಂಡು, 'ಏ, ಗುರುಗಳು ನಿಂತಾರ, ಕುರ್ಚಿ ತರ್ರಿ' ಅಂತ ಒದರಿದ್ರು. ಒಬ್ಬಾಂವ ಗ್ವಾಡಿಗೆ ಹಚ್ಚಿದ್ದ ಪ್ಲಾಸ್ಟಿಕ್ ಕುರ್ಚಿ ತಂದು ಎರಡೂ ಪಂಗ್ತಿ ನಡುವ ಹಾಕಿದ. ಈ ಸಲ ನಮ್ಮಣ್ಣ ಬ್ಯಾಡ ಅನ್ನಲಿಲ್ಲ, ಕುಂತು ಉಂಡ.